ಕುರಿಗೆ ಡಾಕ್ಟರು, ಮಗಳಿಗೆ ಬಾರುಕೋಲು

ಅಕ್ಕಂದಿರೇ, ಇದು ಚಿಗಟೇರಿ ಕಡೆಯ ಒಂದು ಕುರಿಹಟ್ಟಿಯ ಮಾತು. ನಾನು ಅಲ್ಲಿನ ಆಶಾ ಕಾರ್ಯಕರ್ತೆ ಶಿವಲೀಲಾ. ಬಾಯಿ ಸ್ವಲ್ಪ ಜೋರು, ಊರಿಗೆಲ್ಲ ಗೊತ್ತು.

ಪಾಲಾಕ್ಷಪ್ಪನ ಮಗಳು ಕೀರ್ತನಾ ಮೂರು ತಿಂಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲ. ಸಂಜೆಯಾದರೆ ಹಟ್ಟಿಯ ಬೇಲಿ ಹಿಡಿದು ನಿಲ್ಲುವಳು. ಜೋಳದ ಹೊಲದ ಮೇಲೆ ಮಂಜು ಇಳಿಯುವ ಹೊತ್ತು, ಕುರಿಗಳ ಉಸಿರು ಬೆಚ್ಚಗೆ ಮೇಲೇಳುವ ಹೊತ್ತು. ಆಗ ಗಾಳಿಯೊಳಗಿಂದ ಯಾರೋ ಅವಳ ಹೆಸರು ಕರೆಯುತ್ತಿದ್ದರಂತೆ.

"ಬಾವಿ ಹತ್ರ ಬಾ ಅಂತಾರಕ್ಕ. ದನಿ ಭಾಳ ಮೆತ್ತಗೈತಿ" ಎಂದಳು, ಒಂದು ಸಂಜೆ ನಾನು ಅವರ ಹಟ್ಟಿಗೆ ಹೋದಾಗ. ನಾನು ತಿರುಗಿ ಅವಳಪ್ಪನ ಮುಖ ನೋಡಿದೆ.

"ಗಾಳಿ ಬಡದೈತ್ರಿ" ಎಂದ ಪಾಲಾಕ್ಷಪ್ಪ. "ನಾಡಿದ್ದು ಅಮಾಸಿಗೆ ಬಿಡಿಸೋರ ಹತ್ರ ಕರ್ಕೊಂಡು ಹೋಗ್ತೀನಿ. ಬಾರುಕೋಲಿನಾಗ ನಾಕು ಕೊಟ್ರ ಇಳೀತೈತಂತ."

ಅವನ ಹೆಂಡತಿ ಜಂಬಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಷ್ಟರಲ್ಲಿ ಒಂದು ಕುರಿ ಕತ್ತು ವಾಲಿಸಿಕೊಂಡು ಒಂದೇ ಕಡೆ ಸುತ್ತುವುದು ಕಂಡಿತು. ನಿದ್ದೆಗಣ್ಣಲ್ಲಿ ನಡೆದಂತೆ ಸುತ್ತುತ್ತಲೇ ಇತ್ತು.

"ಅದಕ್ಕೂ ಗಾಳಿ ಬಡದೈತೇನಣ್ಣ?" ಎಂದೆ.

"ಏ, ಅದರ ಮೆದುಳಾಗ ನೀರ್ಗುಳ್ಳಿ ಆಗೈತ್ರಿ. ನಮ್ಮಪ್ಪನ ಕಾಲದಿಂದ ನೋಡೀವಿ. ನಾಳೆ ದನದ ಡಾಕ್ಟರು ಬರ್ತಾರ."

ನನಗೆ ಸಿಟ್ಟು ನೆತ್ತಿಗೇರಿತು. "ಕುರಿಗೆ ಮೆದುಳೈತಿ, ಡಾಕ್ಟರ್ ಬೇಕು. ನಿಮ್ಮ ಮಗಳಿಗೆ ಮೆದುಳಿಲ್ಲೇನ್ರಿ? ಅಕಿಗೆ ಬಾರುಕೋಲಾ?"

ಅವನು ತಲೆ ಕೆರೆದುಕೊಂಡ. "ಹಂಗಾರ ಅಕಿ ತೆಲಿಯಾಗೂ ಗುಳ್ಳಿ ಆಗೈತೇನ್ರಿ?"

"ಇಲ್ಲಣ್ಣ, ಅದು ಬ್ಯಾರೆ, ಇದು ಬ್ಯಾರೆ. ಮೆದುಳಿನ ನರಗಳು ಒಂದಕ್ಕೊಂದು ಸುದ್ದಿ ಕಳಸ್ತಾವ. ಅದು ಏರುಪೇರಾದ್ರ ಯಾರೂ ಇಲ್ದಿದ್ರೂ ದನಿ ಕೇಳಸ್ತೈತಿ ಅಂತ ಸಂಶೋಧನಿ ಮಾಡೋರು ಹೇಳ್ತಾರ. ಅವರಿಗೂ ಇನ್ನೂ ಪೂರ್ತಿ ತಿಳಿದಿಲ್ಲ. ಆದ್ರ ಗುಳಿಗಿ ತಗೊಂಡು ಭಾಳ ಮಂದಿ ಆರಾಮಾಗ್ಯಾರ."

"ದ್ಯಾವ್ರು ಸಿಟ್ಟಾದ್ರ?" ಎಂದಳು ಜಂಬಕ್ಕ.

"ದ್ಯಾವ್ರಿಗೆ ಕೈ ಮುಗೀರಿ, ಬ್ಯಾಡ ಅಂದೋರ್ಯಾರು? ಗುಳಿಗಿನೂ ಕೊಡ್ರಿ."

"ಹೊಡಿಸಬ್ಯಾಡಪ್ಪ" ಎಂದಳು ಕೀರ್ತನಾ, ಬೇಲಿಯ ಕಡೆಯಿಂದಲೇ. ಪಾಲಾಕ್ಷಪ್ಪ ತನ್ನ ಕಂಬಳಿ ತೆಗೆದು ಮಗಳಿಗೆ ಹೊದಿಸಿ ಅತ್ತುಬಿಟ್ಟ. ಆಗಲೇ ಆಟೋ ಹಿಡಿದು ಹರಪನಹಳ್ಳಿ ಆಸ್ಪತ್ರೆಗೆ ಹೋದೆವು.

ಗುಳಿಗೆ ಶುರುವಾಗಿ ಎರಡು ತಿಂಗಳಿಗೆ "ಆರಾಮಾಗ್ಯಾಳ, ಬಿಡಸ್ಲೇನ್ರಿ?" ಎಂದು ಬಂದ ಪುಣ್ಯಾತ್ಮ. ಡಾಕ್ಟರನ್ನು ಕೇಳದೆ ಒಂದು ಗುಳಿಗೆಯನ್ನೂ ಬಿಡಿಸಕೂಡದೆಂದು ಚೆನ್ನಾಗಿ ಬೈದು ಕಳಿಸಿದೆ.

ಮೊನ್ನೆ ಹೋದಾಗ ಕೀರ್ತನಾ ಉಣ್ಣೆ ಹಿಂಜುತ್ತಿದ್ದಳು. ದನಿ ಕೇಳುತ್ತದೆಯೇ ಎಂದೆ.

"ಒಮ್ಮೊಮ್ಮೆ ಕೇಳ್ತೈತಕ್ಕ, ಭಾಳ ದೂರದಿಂದ. ಕೇಳಿದ ಕೂಡ್ಲೆ ಅಪ್ಪನ್ನ ಕರೀತೀನಿ. ಅಪ್ಪ ಬಂದು ಪಕ್ಕಕ್ಕ ಕುಂದರ್ತಾನ."

ಅಕ್ಕಂದಿರೇ, ಮನೆಯಲ್ಲಿ ಯಾರಿಗಾದರೂ ಹೀಗಾದರೆ ಕಟ್ಟಬೇಡಿ, ಹೊಡೆಯಬೇಡಿ, ಒಂಟಿಯಾಗಿ ಬಿಡಬೇಡಿ. ಆಸ್ಪತ್ರೆಗೆ ಕರೆದುಕೊಂಡು ಹೋಗಿ. ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಖರ್ಚಿಲ್ಲ. ಇದನ್ನು ಕೇಳುವಾಗ ನಿಮ್ಮ ಮನಸ್ಸಿಗೆ ಯಾರದೋ ಮುಖ ಬಂದಿರಬೇಕು. ಇವತ್ತೇ ಅವರ ಮನೆಗೆ ಹೋಗಿ.