ಸೊಸೆಯ ಕಾಲಿನ ಅಳತೆ

ಕಾಲುಚೀಲ ಹೆಣೆಯುವಾಗ ಹಿಮ್ಮಡಿ ತಿರುಗಿಸುವ ಜಾಗಕ್ಕೆ ಬಂದರೆ ಒಂದಿಷ್ಟು ಮೌನ ಬೇಕು. ಆ ಮನೆಯಲ್ಲಿ ಉಣ್ಣೆ ಬೇಕಾದಷ್ಟಿತ್ತು, ಕಡ್ಡಿಗಳಿದ್ದವು, ಒಲೆಯ ಪಕ್ಕ ಕೂರಲು ಬೆಂಚೂ ಇತ್ತು. ಮೌನವೊಂದು ಇರಲಿಲ್ಲ.

“ಇವಳೇ, ನನ್ನ ದೊಡ್ಡ ಸ್ಪ್ಯಾನರ್ ಎಲ್ಲಿ?” ಗಂಡ ಅಂಗಳದಿಂದ ಕೂಗಿದ. ಸುತ್ತಲಿನ ಹೊಲಗಳ ಪಂಪುಗಳನ್ನೆಲ್ಲ ರಿಪೇರಿ ಮಾಡುವವನು ಅವನು. ಊರವರ ಪಂಪಿನ ಒಂದೊಂದು ತಿರುಪೂ ಅವನಿಗೆ ಗೊತ್ತು. ಅವನ ಸಾಮಾನು ಎಲ್ಲಿದೆಯೆಂಬುದು ಮಾತ್ರ ಹೆಂಡತಿಗೆ ಗೊತ್ತಿರಬೇಕು.

“ಒಲೆ ಮೇಲಿಟ್ಟಿದೀನಿ, ಬೇಯ್ತಾ ಇದೆ,” ಎಂದಳು ಸೊಸೆ, ತಲೆಯೆತ್ತದೆ.

“ಹಾಂ?”

“ಸೈಕಲ್ ಹಿಂದೆ ನೋಡ್ರೀ ಅಂದೆ!”

ಒಲೆಯ ಬಳಿ ರೇಡಿಯೊ ತಿರುವುತ್ತ ಕೂತಿದ್ದ ಮಾವ ಕಿವಿ ಇತ್ತ ತಿರುಗಿಸಿದರು. “ಚಹಾ ಆಯ್ತು ಅಂದೆಯೇನಮ್ಮ?”

“ಇಲ್ಲ ಮಾವ.”

“ಇಲ್ಲ ಅಂದ್ರೆ, ಆಗಿಲ್ಲ ಅಂತಲೋ, ಅನ್ನಲಿಲ್ಲ ಅಂತಲೋ?”

ಕುಣಿಕೆಗಳ ಎಣಿಕೆ ತಪ್ಪಿಹೋಯಿತು. ಅವಳು ಕಡ್ಡಿಗಳನ್ನು ಮಡಿಲಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ತೆರೆದು, ಮತ್ತೆ ಮೊದಲಿನಿಂದ ಎಣಿಸತೊಡಗಿದಳು.

ಚಳಿಗಾಲ ಬರುವ ಮುಂಚೆ ಮನೆಯ ಕುರಿಗಳ ಬೂದು ಉಣ್ಣೆಯಲ್ಲಿ ಎಲ್ಲರಿಗೂ ಕಾಲುಚೀಲ ಹೆಣೆಯುವುದು ಆ ಮನೆಯ ಹೆಂಗಸರ ಕೆಲಸ. ಎಲ್ಲರಿಗೂ ಎಂದರೆ ಮಾವನಿಗೆ, ಗಂಡನಿಗೆ, ಮೈದುನನಿಗೆ. ಅತ್ತೆ ಸೊಸೆ ಇಬ್ಬರೂ ಗಂಡಸರು ಹಾಕಿ ಸವೆಸಿದ್ದನ್ನು ರಫು ಮಾಡಿಕೊಂಡು ಹಾಕಿಕೊಳ್ಳುತ್ತಿದ್ದರು. ಇದನ್ನು ಯಾರೂ ಹೀಗೇ ಆಗಬೇಕೆಂದು ಹೇಳಿದವರಲ್ಲ. ಬಾಗಿಲು ಯಾವ ಕಡೆಗೆ ತೆರೆದುಕೊಳ್ಳುತ್ತದೆಂದು ಯಾರೂ ಹೇಳಿಕೊಡದಿದ್ದರೂ ಗೊತ್ತಿರುವುದಿಲ್ಲವೆ, ಹಾಗೆ.

ಗಂಡನ ಕಾಲು ದೊಡ್ಡದು. ಅವನ ಕಾಲುಚೀಲದ ಹಿಮ್ಮಡಿ ಅವಳಿಗೆ ಹರಡಿನ ಮೇಲಕ್ಕೆ ಬರುತ್ತಿತ್ತು. ಮಿಕ್ಕಿದ ತುದಿಯನ್ನು ಬೆರಳುಗಳ ಕೆಳಗೆ ಮಡಚಿ ರಬ್ಬರ್ ಬೂಟಿಗೆ ತುರುಕಿಕೊಂಡರೆ, ಕೊಟ್ಟಿಗೆಗೂ ಹಿತ್ತಲಿಗೂ ನಾಲ್ಕು ಸಲ ಓಡಾಡುವಷ್ಟರಲ್ಲಿ ಆ ಮಡಿಕೆ ಗಂಟಾಗಿ ಬೆರಳಿಗೆ ಒತ್ತುತ್ತಿತ್ತು. ಹೋದ ವರ್ಷದ ಚಳಿಯಲ್ಲಿ ಕಿರುಬೆರಳು ಬಾತು ಕೆಂಪಾಗಿ, ಒಡೆದು, ರಸಿ ಸುರಿದಿತ್ತು. ಬೆಳಕು ಹರಿಯುವ ಮುಂಚೆ ಹಾಲು ಕರೆಯಲು ಹೋಗುವವಳು ಅವಳು. ಕೊಟ್ಟಿಗೆಯ ಕಲ್ಲುನೆಲದ ಮೇಲೆ ಒಂದು ಕಾಲೂರಿ ಇನ್ನೊಂದನ್ನು ಎತ್ತಿಕೊಂಡು ನಿಂತ ಅವಳನ್ನು ಹಸುಗಳಷ್ಟೇ ನೋಡಿದ್ದವು.

ಈ ಸಲದ ಮೊದಲ ಜೋಡಿ ತನಗೇ ಎಂದು ಅವಳು ನಿಶ್ಚಯಿಸಿದ್ದಳು. ತನ್ನ ಕಾಲಿಗೆ, ತನ್ನ ಅಳತೆಗೆ. ಯಾರಿಗೂ ಹೇಳಿರಲಿಲ್ಲ. ಹೇಳಿದರೆ ಅದೊಂದು ವಿಷಯವಾಗುತ್ತಿತ್ತು, ಮತ್ತು ಆ ಮನೆಯಲ್ಲಿ ವಿಷಯವಾದದ್ದು ಯಾವುದೂ ಬೇಗ ಮುಗಿದದ್ದಿಲ್ಲ. ಹೊಸ ಬಕೆಟ್ಟಿಗೆ ಮುಚ್ಚಳ ಬೇಕೋ ಬೇಡವೋ ಎಂಬುದನ್ನೇ ಅವರು ಬಕೆಟ್ಟು ಹಳತಾಗುವವರೆಗೂ ಮಾತಾಡಿದ್ದರು.

ಅಂತೂ ಹಿಮ್ಮಡಿ ತಿರುಗಿತು. ಪಾದದ ಭಾಗವೂ ಬೆಳೆಯಿತು. ಹಾಲಿನ ಕೋಣೆಯಲ್ಲಿ ಯಾರಿಲ್ಲದಾಗ ಕಡ್ಡಿ ಸಮೇತ ಕಾಲಿಗೆ ಏರಿಸಿ ನೋಡಿದಳು. ಸರಿಯಾಗಿತ್ತು. ಇನ್ನು ಸುತ್ತು ಸುತ್ತಿಗೂ ಕುಣಿಕೆ ಕಡಿಮೆ ಮಾಡುತ್ತ ಬೆರಳ ತುದಿ ಮುಚ್ಚಿದರೆ ಆಯಿತು. ಅದನ್ನು ಶುರುಮಾಡಿ ನಾಲ್ಕು ಸುತ್ತು ಹಾಕಿದ್ದಳು, ಅಷ್ಟರಲ್ಲಿ ಕರು ಕೋಸಿನ ಪಾತಿಗೆ ನುಗ್ಗಿತು. ಹೆಣಿಗೆಯನ್ನು ಬೆಂಚಿನ ಮೇಲಿಟ್ಟು ಓಡಿದಳು. ಕರುವಿಗೂ ಅವಳಿಗೂ ಹಿತ್ತಲ ತುಂಬ ಓಟವಾಗಿ, ಅದನ್ನು ಕಟ್ಟಿ, ತುಳಿದ ಸಸಿಗಳನ್ನು ನೆಟ್ಟಗೆ ನಿಲ್ಲಿಸಿ, ಕೈತೊಳೆದು ಬಂದು ನೋಡಿದರೆ, ತುದಿಗೆ ಕುಣಿಕೆ ಇಳಿಸಿದ್ದೇ ಇಲ್ಲ. ಪಾದ ಇನ್ನೂ ಎರಡು ಬೆರಳು ಉದ್ದಕ್ಕೆ ನೇರವಾಗಿ ಹೋಗುತ್ತಿದೆ.

ತನಗೇ ಮರೆವು ಎಂದುಕೊಂಡಳು. ದಣಿದ ಕಣ್ಣು, ಏನನ್ನು ಮಾಡಿದೆನೋ ಏನನ್ನು ಮಾಡಿದೆನೆಂದುಕೊಂಡೆನೋ. ಬಿಚ್ಚಿದಳು. ಮರುದಿನ ಮತ್ತೆ ತುದಿ ಇಳಿಸತೊಡಗಿದಳು.

ಆಗ ಮೈದುನ ಬಂದ. ಲಾರಿ ಓಡಿಸುವವನಾದ್ದರಿಂದಲೋ, ನಡೆದರೆ ನೆಲ ಅದುರುತ್ತಿದ್ದುದರಿಂದಲೋ ಮನೆಯಲ್ಲಿ ಅವನನ್ನು ಲಾರಿ ಎಂದೇ ಕರೆಯುತ್ತಿದ್ದರು. ಬಂದವನೇ ಅವಳ ಕೈಯಿಂದ ಹೆಣಿಗೆಯನ್ನು ಎತ್ತಿಕೊಂಡ.

“ಅತ್ತಿಗೆ, ನನಗೆ ತಾನೆ? ಗೊತ್ತಿತ್ತು ನನಗೆ. ಮೊದಲನೇದು ನನಗೇ ಅಂತ.”

“ಕಡ್ಡಿ ಜಾರುತ್ತೆ, ಕೊಡಪ್ಪ ಇಲ್ಲಿ.”

“ಒಂದ್ಸಲ ಹಾಕಿ ನೋಡ್ತೀನಿ.”

“ನಿನ್ನ ಕಾಲು ತೊಳೆದು ಎಷ್ಟು ದಿನ ಆಯ್ತೋ?” ಎಂದರು ಒಲೆಯ ಬಳಿಯಿಂದ ಮಾವ. “ಉಣ್ಣೆಗೆ ಜೀವ ಇದ್ದಿದ್ರೆ ಎದ್ದು ಓಡ್ತಿತ್ತು.”

ಲಾರಿ ಆಗಲೇ ಬೆಂಚಿನ ಮೇಲೆ ಕಾಲಿಟ್ಟು ತುರುಕತೊಡಗಿದ್ದ. ಹೆಬ್ಬೆರಳು ಒಳಗೆ ಹೋಯಿತು, ಉಳಿದದ್ದು ಹೋಗಲಿಲ್ಲ. ಒಂದು ಕಡ್ಡಿ ಕಳಚಿ ಠಣ್ಣೆಂದು ನೆಲಕ್ಕೆ ಬಿತ್ತು. ಆರು ಕುಣಿಕೆಗಳು ಬಾಯಿ ಬಿಟ್ಟುಕೊಂಡು ಕೂತವು. “ಚಿಕ್ಕದಾಯ್ತಲ್ಲ ಅತ್ತಿಗೆ, ಇನ್ನೊಂಚೂರು ಬಿಡಬೇಕಿತ್ತು,” ಎಂದು ಉಪದೇಶ ಕೊಟ್ಟು ಅವನು ಊಟಕ್ಕೇನಿದೆ ನೋಡಲು ಹೋದ. ಅವಳು ಒಂದೊಂದೇ ಕುಣಿಕೆಯನ್ನು ಹಿಡಿದು ಕಡ್ಡಿಗೆ ಏರಿಸಿದಳು. ಬೈಗುಳ ನಾಲಿಗೆಯ ತುದಿಗೆ ಬಂದದ್ದನ್ನು ಅಲ್ಲೇ ಇಟ್ಟುಕೊಂಡಳು.

ಸಂಜೆ ಹಾಲು ಕರೆದು ಬರುವ ಹೊತ್ತಿಗೆ ಕಾಲುಚೀಲ ಮತ್ತೆ ಉದ್ದವಾಗಿತ್ತು.

ಈ ಸಲ ಅವಳು ದೀಪದ ಕೆಳಗೆ ಹಿಡಿದು ನೋಡಿದಳು. ಅವಳ ಕೈ ಸಡಿಲ. ಅವಳ ಹೆಣಿಗೆಯನ್ನು ಎಳೆದರೆ ಹಿಗ್ಗುತ್ತದೆ. ಈ ಹೊಸ ಸುತ್ತುಗಳು ಬಿಗಿಯಾಗಿದ್ದವು, ಚಾಪೆ ನೇಯ್ದ ಹಾಗೆ, ಬೆರಳಿಟ್ಟರೆ ಗಟ್ಟಿ. ಇಷ್ಟು ಬಿಗಿಯಾದ ಕೈ ಆ ಮನೆಯಲ್ಲಿ ಒಬ್ಬರದೇ.

ಅತ್ತೆ ಬೆಂದ ಆಲೂಗಡ್ಡೆ ಸುಲಿಯುತ್ತ ಕೂತಿದ್ದರು. ಮುಖದಲ್ಲಿ ಏನೂ ಇರಲಿಲ್ಲ.

“ಅತ್ತೆ, ಇದಕ್ಕೆ ನೀವು ಕೈ ಹಾಕಿದ್ರಾ?”

“ಯಾವುದಕ್ಕೆ?”

“ಈ ಕಾಲುಚೀಲಕ್ಕೆ.”

ಅತ್ತೆ ಚಾಕುವನ್ನು ಪಾತ್ರೆಯ ಅಂಚಿಗೆ ಒರಗಿಸಿದರು. ಗಂಡಸರು ಆಗಲೇ ಮೇಜಿನ ಸುತ್ತ ಕೂತಿದ್ದರು. ಅವರ ಕಡೆಗೊಮ್ಮೆ ನೋಡಿ, ಸೊಸೆಯ ಕಡೆಗೆ ಬಾಗಿ, ದನಿ ತಗ್ಗಿಸಿದರು. ಆ ದನಿ ಬೀದಿಗೆ ಕೇಳುವಂತಿತ್ತು.

“ಹೇಳಬಾರದು ಅಂತಿದ್ದೆ ಕಣೇ. ನಿನ್ನ ಕೈ ಈಚೆಗೆ ಕೆಟ್ಟುಹೋಗಿದೆ. ಎರಡು ಸಲ ನೋಡ್ದೆ, ಎರಡು ಸಲಾನೂ ಗೇಣುದ್ದಕ್ಕೇ ತುದಿ ಮುಚ್ಚೋಕೆ ಹೊರಟಿದೀಯ. ನನ್ನ ಮಗನ ಕಾಲು ಅದ್ರಲ್ಲಿ ಹೋಗುತ್ತಾ? ಬಿಚ್ಚಿ ಸರಿಮಾಡಿಟ್ಟೆ. ಯಾರಿಗಾದ್ರೂ ಹೇಳಿದ್ನಾ? ನಿನ್ನ ಮಾನ ಉಳಿಸಿದೀನಿ.”

ಸೊಸೆಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಎರಡು ದಿನ ತನ್ನ ತಲೆಯನ್ನೇ ಅನುಮಾನಿಸಿಕೊಂಡಿದ್ದಳು.

“ಅದು ನಿಮ್ಮ ಮಗನಿಗಲ್ಲ ಅತ್ತೆ.”

“ಲಾರಿಗಾದ್ರೆ ಇನ್ನೂ ಉದ್ದ ಬೇಕು.”

“ಲಾರಿಗೂ ಅಲ್ಲ. ಮಾವನಿಗೂ ಅಲ್ಲ. ನನಗೆ.”

ಮಾವ ರೇಡಿಯೊ ನಿಲ್ಲಿಸಿದರು. ಅತ್ತೆ ಅವಳ ಮುಖವನ್ನು ನೋಡಿ, ಮೆಲ್ಲಗೆ ಕೆಳಗೆ ನೋಡಿದರು, ಅಲ್ಲಿ ಏನಿದೆಯೆಂದು ಖಾತ್ರಿ ಮಾಡಿಕೊಳ್ಳುವವರಂತೆ.

“ನಿನಗಾ?”

“ಅವಳಿಗೂ ಎರಡು ಕಾಲಿದೆ ಕಣೇ,” ಎಂದರು ಮಾವ. “ನಾನು ನೋಡಿದೀನಿ.”

“ನೀವು ಸುಮ್ಮನಿರ್ರೀ. ಅಲ್ಲವೇ, ನನ್ನ ಮಗ ಹಾಕಿಬಿಟ್ಟಿದ್ದು ಇದೆಯಲ್ಲ? ನಾನೇ ರಫು ಮಾಡಿಟ್ಟಿದೀನಲ್ಲ?”

“ಅದೇ ತಾನೆ, ನಂದು ಹಳೇದು ಎಷ್ಟೊಂದಿದೆ,” ಎಂದು ಗಂಡ ಉದಾರವಾಗಿ ಹೇಳಿದ.

ಸೊಸೆ ಬೆಂಚಿನ ಮೇಲೆ ಕೂತಳು. ಬಗ್ಗಿ, ಎಡಗಾಲಿನ ಕಾಲುಚೀಲ ಎಳೆದು ಬಿಚ್ಚಿ, ಅದನ್ನು ತಂದು ಮೇಜಿನ ಮೇಲೆ, ಗಂಡನ ತಟ್ಟೆಯ ಪಕ್ಕ ಉದ್ದಕ್ಕೆ ಹರಡಿದಳು. ಹಿಮ್ಮಡಿಯ ಗೂಡು ಎಲ್ಲಿಯೋ ಇತ್ತು, ತುದಿ ಮಡಿಕೆ ಬಿದ್ದು ಕಪ್ಪಾಗಿ ಒಣಸೌದೆಯಂತಾಗಿತ್ತು.

“ಊಟದ ಮೇಜು ಇದು!” ಎಂದರು ಅತ್ತೆ.

“ನೋಡಲಿ. ಇದನ್ನ ಬೂಟಿನೊಳಗೆ ಮಡಚಿಕೊಂಡು ಒಂದು ದಿನ ಹಾಲು ಕರೆಯಲಿ, ಆಮೇಲೆ ಹೇಳಲಿ. ಹೋದ ವರ್ಷ ಬೆರಳು ಕೊಳೀತು. ಯಾರಾದ್ರೂ ಕೇಳಿದ್ರಾ ಯಾಕೆ ಕುಂಟ್ತೀಯ ಅಂತ?”

“ನಾನು ಕೇಳಿದ್ನಲ್ಲ,” ಎಂದ ಗಂಡ.

“ನೀವು ಕೇಳಿದ್ದು, ಇಷ್ಟು ಹೊತ್ತು ಯಾಕಾಯ್ತು, ತಿಂಡಿ ಆಗಿಲ್ವಾ ಅಂತ.”

ಲಾರಿ ನಗಲು ಬಾಯಿ ತೆರೆದವನು ಅಣ್ಣನ ಮುಖ ನೋಡಿ ಆ ಬಾಯಿಗೆ ಆಲೂಗಡ್ಡೆ ತುಂಬಿಕೊಂಡ. ಸೊಸೆ ಒಂದು ಕಾಲು ಬರಿದಾಗಿಯೇ ಕೂತು, ಹೆಣಿಗೆಯನ್ನು ಎತ್ತಿಕೊಂಡು, ಅತ್ತೆಯ ಬಿಗಿ ಸುತ್ತುಗಳನ್ನು ಎಲ್ಲರ ಎದುರಿಗೇ ಎಳೆದು ಬಿಚ್ಚಿದಳು. ದಾರ ಸರಸರ ಎನ್ನುತ್ತ ಬಂತು. ಕುಣಿಕೆಗಳನ್ನು ಕಡ್ಡಿಗೇರಿಸಿ ತುದಿ ಇಳಿಸತೊಡಗಿದಳು.

“ಹಾಲು ಉಕ್ತಾ ಇದೆ,” ಎಂದರು ಮಾವ.

“ಹಾಲು ಉಕ್ಕುತ್ತೆ, ನೋಡು,” ಎಂದ ಗಂಡ.

“ಅತ್ತಿಗೆ, ಹಾಲು!” ಎಂದ ಲಾರಿ.

“ಕಾಣಿಸ್ತಿದೆ,” ಎಂದಳು ಅವಳು, ಕೈ ನಿಲ್ಲಿಸದೆ.

ಹಾಲು ಉಕ್ಕಿತು. ಒಲೆಯ ಮೇಲೆ ಹರಿದು ಸುರ್ರೆಂದಿತು, ಸೀದ ವಾಸನೆ ತುಂಬಿತು. ನಾಲ್ವರೂ ಅವಳನ್ನು ನೋಡಿದರು, ಒಲೆಯನ್ನಲ್ಲ. ಕೊನೆಗೆ ಗಂಡ ಎದ್ದು ಬರಿಗೈಯಲ್ಲಿ ಪಾತ್ರೆಯನ್ನು ಹಿಡಿದು, ಅಯ್ಯಯ್ಯೋ ಎಂದು ಬಿಟ್ಟು, ಬಟ್ಟೆ ಎಲ್ಲಿ ಎಂದು ಕೇಳಿ, ಯಾರೂ ಹೇಳದಿದ್ದಾಗ ತನ್ನ ಅಂಗಿಯ ತುದಿಯಿಂದಲೇ ಇಳಿಸಿದ.

ಅವಳು ಕೊನೆಯ ಕುಣಿಕೆಗಳಲ್ಲಿ ದಾರ ಎಳೆದು ಬಿಗಿದು, ಕಾಲುಚೀಲವನ್ನು ಕಾಲಿಗೆ ಹಾಕಿಕೊಂಡಳು. ಹಿಮ್ಮಡಿ ಹಿಮ್ಮಡಿಯಲ್ಲಿ ಕೂತಿತು, ತುದಿ ಬೆರಳಿಗೆ ಮುಟ್ಟಿತು. ಅತ್ತೆ ಹತ್ತಿರ ಬಂದು ಬಾಗಿ ಹೆಬ್ಬೆರಳನ್ನು ಒತ್ತಿ ನೋಡಿದರು.

“ಇಷ್ಟು ಚಿಕ್ಕದಾ ನಿನ್ನ ಕಾಲು? ಬೆಳೆಯುತ್ತೆ ಅಂತ ಒಂಚೂರು ಬಿಡಬೇಕಿತ್ತು.”

“ಅತ್ತೆ, ನನಗೆ ತಲೆ ನರೀತಾ ಇದೆ. ಇನ್ನೇನು ಬೆಳೆಯುತ್ತೆ?”

“ಅದೂ ಸರಿ,” ಎಂದು ಅತ್ತೆ ಒಲೆ ಒರೆಸಲು ಹೋದರು. ಒರೆಸುತ್ತಲೇ ಹೇಳಿದರು, ಯಾರಿಗೆಂದು ಗೊತ್ತಾಗದಂತೆ: “ನಾನೂ ಈ ಮನೆಗೆ ಬಂದಾಗಿಂದ ಇವರ ಹಳೇದನ್ನೇ ಹಾಕಿದೀನಿ. ನನ್ನ ಕಾಲೇನು ಬಿದ್ದುಹೋಯ್ತಾ?”

ಮಾವ ರೇಡಿಯೊ ಮತ್ತೆ ಹಾಕಿದರು.

ಎರಡನೆಯದನ್ನು ಸೊಸೆ ಎಲ್ಲರೆದುರಿಗೆ ಧೈರ್ಯವಾಗಿ ಹೆಣೆದಳು. ವಿಷಯ ಬಯಲಾದ ಮೇಲೆ ಎಲ್ಲರಿಗೂ ಅದರಲ್ಲಿ ಪಾಲು. ಎಷ್ಟಾಯ್ತು ಎಂದು ಗಂಡ ದಿನವೂ ಕೇಳಿದ. ಬೇರೆ ಬಣ್ಣ ಸೇರಿಸಿದ್ದರೆ ಚೆನ್ನಾಗಿರುತ್ತಿತ್ತೆಂದು ಲಾರಿ ಹೇಳಿದ. ಹಿಮ್ಮಡಿ ತಿರುಗಿಸುವಾಗ ಯಾರೂ ಅವಳನ್ನು ಮಾತಾಡಿಸಬಾರದೆಂದು ಮಾವ ಎಷ್ಟು ಸಲ ಕೂಗಿ ಹೇಳಿದರೆಂದರೆ ಅವಳಿಗೆ ಮೂರು ಸಲ ಎಣಿಕೆ ತಪ್ಪಿತು. ಅತ್ತೆ ಮಾತ್ರ ಏನೂ ಅನ್ನಲಿಲ್ಲ. ಅವರು ಸುಮ್ಮನಿದ್ದದ್ದೇ ಅವಳಿಗೆ ಅನುಮಾನ ತಂದಿತು.

ಪಾದ ಇನ್ನೇನು ಮುಗಿಯಬೇಕು ಎನ್ನುವಾಗ ಹಸುವಿಗೆ ಹೊಟ್ಟೆಯುಬ್ಬರವೆಂದು ಪಶುವೈದ್ಯರು ಬಂದರು. ಅವಳು ಅರ್ಧ ದಿನ ಕೊಟ್ಟಿಗೆಯಲ್ಲೇ ನಿಂತಳು. ಒಳಗೆ ಬಂದಾಗ ಬೆಂಚಿನ ಮೇಲೆ ಕಡ್ಡಿಗಳು ಖಾಲಿಯಾಗಿ ಜೋಡಿಸಿಟ್ಟಿದ್ದವು. ಕಾಲುಚೀಲ ಮುಗಿದಿತ್ತು, ತುದಿ ಮುಚ್ಚಿತ್ತು, ದಾರ ಗಂಟು ಹಾಕಿಯೂ ಆಗಿತ್ತು.

ಎತ್ತಿ ಮೊದಲನೆಯದರ ಮೇಲಿಟ್ಟು ನೋಡಿದಳು. ಒಂದು ಬೆರಳು ಗಿಡ್ಡ.

“ಅತ್ತೇ!”

ಅತ್ತೆ ಕಿಟಕಿಯ ಬಳಿ ಅಂಗಿಗೆ ಗುಂಡಿ ಹೊಲಿಯುತ್ತಿದ್ದರು. “ಸಹಾಯ ಆಗ್ಲಿ ಅಂತ ಮುಗಿಸಿಟ್ಟೆ.”

“ಚಿಕ್ಕದಾಗಿದೆ.”

“ಆಗಿದೆಯಾ? ಕಣ್ಣು ಕಾಣಲ್ಲ ನೋಡು, ಕೈ ತಪ್ಪಿರಬೇಕು.”

ಆ ಕೈ ತಪ್ಪಿದ್ದನ್ನು ಇಷ್ಟು ವರ್ಷಗಳಲ್ಲಿ ಅವಳು ಒಮ್ಮೆಯೂ ಕಂಡಿರಲಿಲ್ಲ. ಅಲ್ಲದೆ ಕೊನೆಯ ಸುತ್ತುಗಳು ಎಲ್ಲಿಯೂ ಅವಸರವಿಲ್ಲದೆ, ಒಂದಕ್ಕೊಂದು ಒತ್ತಿ ಕೂತಿದ್ದವು. ಬಿಚ್ಚಿ ಬಿಚ್ಚಿ, ಹಾಕಿ ನೋಡಿ ನೋಡಿ ಮಾಡಿದ ಕೆಲಸ. ಉಣ್ಣೆ ಅಲ್ಲಲ್ಲಿ ಜುಂಗು ಎದ್ದಿತ್ತು.

ಗಂಟು ಬಿಡಿಸಿ ಎಳೆದರೆ ಆಯಿತು. ಎಳೆದು, ಒಂದು ಬೆರಳು ಉದ್ದ ಹೆಚ್ಚಿಸಿ, ಮತ್ತೆ ಮುಚ್ಚಿದರೆ ಸಂಜೆಯೊಳಗೆ ಅವಳ ಜೋಡಿ ಪೂರ್ತಿ. ಅವಳು ಉಗುರಿನಿಂದ ಗಂಟನ್ನು ಕೆದಕಿದಳು. ಅತ್ತೆ ಇತ್ತ ನೋಡಲಿಲ್ಲ. ಗುಂಡಿಯ ಮೇಲೆ ಬಗ್ಗಿದವರು ಬಗ್ಗಿಯೇ ಇದ್ದರು. ಆದರೆ ಸೂಜಿ ನಿಂತಿತ್ತು. ಅವರ ಪಾದಗಳು ಕುರ್ಚಿಯ ಕೆಳಗೆ, ಮಾವನ ಹಳೆಯ ಕಾಲುಚೀಲದಲ್ಲಿ, ತುದಿಯನ್ನು ಒಳಕ್ಕೆ ಮಡಚಿಕೊಂಡು ಒಂದರ ಮೇಲೊಂದು ಕೂತಿದ್ದವು.

ಸೊಸೆ ಉಸಿರು ಬಿಟ್ಟಳು. ಗಂಟನ್ನು ಬಿಟ್ಟಳು.

“ಕಾಲು ಚಾಚಿ.”

“ನನಗ್ಯಾಕೆ? ಈ ವಯಸ್ಸಲ್ಲಿ ನನಗೆ ಹೊಸದು ಯಾಕೆ?”

“ಚಾಚಿ ಅಂದ್ನಲ್ಲ ಅತ್ತೆ. ಹಸು ನೋಡಿ ಬಂದು ಸಾಕಾಗಿದೆ ನನಗೆ.”

ಅತ್ತೆ ಚಾಚಿದರು. ಕಾಲುಚೀಲ ಒಂದೇ ಎಳೆತಕ್ಕೆ ಕೂತಿತು, ಚರ್ಮದ ಹಾಗೆ. ಅತ್ತೆ ಬೆರಳುಗಳನ್ನು ಒಮ್ಮೆ ಅಲ್ಲಾಡಿಸಿ ನೋಡಿದರು.

“ನಿಮ್ಮ ಕೈ ಎಷ್ಟು ಸರಿಯಾಗಿ ತಪ್ಪಿದೆ!” ಎಂದಳು ಸೊಸೆ.

“ನಿನಗಿಂತ ಚಿಕ್ಕ ಕಾಲು ನಂದು,” ಎಂದರು ಅತ್ತೆ, ಅದರಲ್ಲಿ ತಮ್ಮದೇನೋ ಹೆಚ್ಚುಗಾರಿಕೆ ಇದೆಯೆಂಬಂತೆ.

“ಅದಿರಲಿ, ನನ್ನ ಇನ್ನೊಂದು ಕಾಲಿಗೆ ಏನು ಮಾಡ್ಲಿ?”

“ಹೆಣಿ. ಬೇಡ ಅಂದೋರ್ಯಾರು? ಉಣ್ಣೆ ಇದೆಯಲ್ಲ ಅಷ್ಟೊಂದು.” ಸ್ವಲ್ಪ ತಡೆದು, “ನನಗೂ ಇನ್ನೊಂದು ಆಗಬೇಕು,” ಎಂದು ಸೇರಿಸಿದರು.

“ನಿಮ್ಮದನ್ನ ನೀವೇ ಹೆಣ್ಕೊಳ್ಳಿ. ನನ್ನದನ್ನ ಮುಟ್ಟಬೇಡಿ. ಒಂದು ಸುತ್ತೂ ಬೇಡ, ಅರ್ಧ ಸುತ್ತೂ ಬೇಡ.”

“ಆಯ್ತಮ್ಮ, ಆಯ್ತು. ಮಹಾ ಕಾಲು.”

ಹೊರಗಿನಿಂದ ಗಂಡ ತನ್ನ ಅಳತೆ ಟೇಪು ಎಲ್ಲಿ ಎಂದು ಕೂಗಿದ. ಇಬ್ಬರೂ ಕೇಳಿಸಿಕೊಂಡರು, ಇಬ್ಬರೂ ಉತ್ತರ ಕೊಡಲಿಲ್ಲ. ಸೊಸೆ ಉಂಡೆಯಿಂದ ದಾರ ಎಳೆದು ಹೊಸ ಕುಣಿಕೆ ಹಾಕತೊಡಗಿದಳು. ಅತ್ತೆ ಗುಂಡಿಯನ್ನು ಅರ್ಧಕ್ಕೇ ಬಿಟ್ಟು, ಎದ್ದು ಬಂದು, ಬೆಂಚಿನ ಇನ್ನೊಂದು ತುದಿಯಲ್ಲಿ ಕೂತು, ಅದೇ ಉಂಡೆಯ ಇನ್ನೊಂದು ತುದಿಯನ್ನು ಹುಡುಕತೊಡಗಿದರು.

“ಅತ್ತೇ, ಬೇರೆ ಉಂಡೆ ತಗೊಳ್ಳಿ!”