ಅಳಿಸಿಹೋದ ವಿನೋದಾ

ಫಳ್ನೀರಿನ ಆ ನರ್ಸಿಂಗ್ ಹೋಮಿಗೆ ಎಂಬತ್ತೆಂಟರಲ್ಲಿ ಕಂಪ್ಯೂಟರ್ ಬಂತು, ಸ್ನೇಹಲತಾಳ ನೆಮ್ಮದಿ ಹೋಯಿತು. ರೋಗಿಗಳ ಕಾರ್ಡುಗಳನ್ನು ಅದಕ್ಕೆ ತುಂಬುವವಳೂ ಅವಳೇ, ಅದರ ಪ್ರೋಗ್ರಾಂ ತಿದ್ದುವವಳೂ ಅವಳೇ, ಅದು ಹಟ ಹಿಡಿದಾಗ ಬೈಸಿಕೊಳ್ಳುವವಳೂ ಅವಳೇ. ಯಾರಿಗೆ ಯಾವ ಮದ್ದು ಆಗುವುದಿಲ್ಲ ಎಂದು ತೋರಿಸಬೇಕಾದ ಅಲರ್ಜಿಯ ಸಾಲು ಪರದೆಯ ಅಂಚಿನಾಚೆ ಜಾರಿ ಕಾಣುತ್ತಲೇ ಇರಲಿಲ್ಲ. ಡಾಕ್ಟರು ಸಿಡಿಮಿಡಿಗೊಂಡಿದ್ದರು.

ನಿನ್ನೆ ಅವಳು ಆ ಸಾಲನ್ನು ಪರದೆಯ ನೆತ್ತಿಗೇರಿಸಿದಳು. ಹೇಗೂ ಕೈ ಹಾಕಿದ್ದಾಯಿತಲ್ಲ ಎಂದು ಒಳಗೆ ಹೊಸ ನಿಯಮವೊಂದನ್ನೂ ಬರೆದಳು. ಎರಡು ಕಾರ್ಡುಗಳಲ್ಲಿ ರೋಗಿಯ ಹೆಸರೂ ಕರೆತಂದ ಹಿರಿಯರ ಹೆಸರೂ ಒಂದೇ ಆಗಿದ್ದರೆ ಅದು ಎರಡು ಸಲ ಏರಿದ ಒಂದೇ ಕಾರ್ಡು, ಹಳೆಯದನ್ನು ಅಳಿಸು. ವಯಸ್ಸು ಹೊಂದದಿದ್ದರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೌಂಟರಿನಲ್ಲಿ ಮಕ್ಕಳ ಪ್ರಾಯವನ್ನು ಯಾರು ಸರಿಯಾಗಿ ಹೇಳುತ್ತಾರೆ?

ಇವತ್ತು ಬೆಳಗ್ಗೆ ಹೋಟೆಲಿನ ಗುಣಪಾಲ ಶೆಟ್ಟರು ಜ್ವರದ ಹುಡುಗಿಯನ್ನು ಎತ್ತಿಕೊಂಡು ಬಂದರು. ತಂಗಿಯ ಮಗಳು, ವಿನೋದಾ. ತಾಯಿ ಉಮಾವತಿ ಬೆಂಚಿನಲ್ಲೇ ಉಳಿದಳು. ಆ ಮನೆಯ ಮಕ್ಕಳ ವಿಷಯಕ್ಕೆಲ್ಲ ಮುಂದೆ ನಿಲ್ಲುವುದು ಸೋದರಮಾವನೇ. ಡಾಕ್ಟರು ಪೆನ್ಸಿಲಿನ್ ಬರೆದರು. ನರ್ಸ್ ಕ್ರಿಸ್ಟಿನ್ ಪರದೆ ನೋಡಿದಳು. ಅಲರ್ಜಿಯ ಸಾಲು ಖಾಲಿ. ಈಗ ಚೆನ್ನಾಗಿ ಕಾಣುತ್ತದೆ ಎಂದು ಹೊಗಳಿ, ಹುಡುಗಿಯನ್ನು ಇಂಜೆಕ್ಷನ್ ಕೋಣೆಗೆ ಕರೆದೊಯ್ದಳು.

ಆ ಹೊಗಳಿಕೆ ಸ್ನೇಹಲತಾಳಿಗೆ ದಕ್ಕಲಿಲ್ಲ. ನಿನ್ನೆ ಪರೀಕ್ಷೆಗೆಂದು ಅವಳು ತೆರೆದದ್ದು ಒಬ್ಬಳು ವಿನೋದಾಳ ಕಾರ್ಡನ್ನೇ. ಅದರ ಅಲರ್ಜಿಯ ಸಾಲಿನಲ್ಲಿ ಪೆನ್ಸಿಲಿನ್ ಎಂದಿತ್ತು. ಮತ್ತೆ ಪರದೆ ಕೈಕೊಟ್ಟಿತೇ? ಕೀಲಿ ಒತ್ತಿದಳು, ಮತ್ತೆ ಒತ್ತಿದಳು. ಖಾಲಿಯೇ. ಅವಳು ಶೆಟ್ಟರ ಕಡೆ ತಿರುಗಿದಳು.

“ನಿಮ್ಮ ಮನೆಯಲ್ಲಿ ಎಷ್ಟು ವಿನೋದಾ ಇದ್ದಾರೆ?”

“ಇಬ್ಬರು,” ಎಂದರು ಶೆಟ್ಟರು. “ಅಮ್ಮ ತೀರಿಕೊಂಡ ಮೇಲೆ ಇಬ್ಬರು ತಂಗಿಯರೂ ಮಕ್ಕಳಿಗೆ ಅವರ ಹೆಸರೇ ಇಟ್ಟದ್ದು. ಅದಕ್ಕೆ ಎಂತ ಈಗ?”

ಗಣಪತಿಯನ್ನು ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದಳು. ಇಬ್ಬರನ್ನೂ ಕರೆತಂದ ಮಾವ ಒಬ್ಬರೇ; ಪೆನ್ಸಿಲಿನ್ ಆಗದವಳ ಕಾರ್ಡನ್ನು ಅವಳ ಹೊಸ ನಿಯಮ ಅಳಿಸಿಹಾಕಿತ್ತು. ಅವಳ ಮನೆಯಲ್ಲೂ ಅಜ್ಜಿಯ ಹೆಸರಿನವರು ಇಬ್ಬರಿದ್ದರು; ಶಾಲೆಗೂ ಆಸ್ಪತ್ರೆಗೂ ಎಲ್ಲರಿಗೂ ಹಿರಿಯರೆಂದು ಬರೆಸುತ್ತಿದ್ದದ್ದು ಸೋದರಮಾವನ ಹೆಸರೇ. ಅದೇ ಅನ್ನ ಉಂಡು ಬೆಳೆದವಳಿಗೆ ಇದು ಹೊಳೆಯಲಿಲ್ಲವಲ್ಲ ಎಂದು ತನ್ನ ಮೇಲೇ ಹೇಸಿಗೆಯಾಯಿತು. ಕುರ್ಚಿ ಉರುಳಿದ್ದೂ ತಿಳಿಯದೆ ಓಡಿದಳು.

ಕ್ರಿಸ್ಟಿನ್ ಸಿರಿಂಜ್ ಎತ್ತಿದ್ದಳು. ಸ್ನೇಹಲತಾ ಆ ಕೈಯನ್ನೇ ಹಿಡಿದುಕೊಂಡಳು.

“ಬೇಡ. ಪರದೆಯಲ್ಲಿರುವವಳು ಇವಳಲ್ಲ.”

ಗಾಬರಿಯಿಂದ ಹಿಂದೆಯೇ ಬಂದ ಉಮಾವತಿ, ಹೋದ ವರ್ಷ ಇದೇ ಇಂಜೆಕ್ಷನ್‌ನಿಂದ ಮಗಳ ಮೈಯೆಲ್ಲ ಬಾತುಹೋಗಿತ್ತು ಎಂದಳು. ಮೊದಲೇ ಹೇಳಬಾರದಿತ್ತೇ ಎಂದು ಕ್ರಿಸ್ಟಿನ್ ಗದರಿದಳು.

“ಅದೆಲ್ಲ ಕಂಪ್ಯೂಟರಿನಲ್ಲಿ ಉಂಟು ಅಂತ ಅಣ್ಣ ಹೇಳಿದರು,” ಎಂದಳು ಉಮಾವತಿ. “ನನ್ನ ಹತ್ರ ಯಾರೂ ಕೇಳ್ಲಿಲ್ಲ.”

ಡಾಕ್ಟರು ಬೇರೆ ಮದ್ದು ಬರೆದರು. ಸಂಜೆ ಬಂದು ಕಾಣುವಂತೆ ಸ್ನೇಹಲತಾಳಿಗೆ ಹೇಳಿದರು. ಕೆಲಸ ಉಳಿಯುತ್ತದೋ ಇಲ್ಲವೋ, ಅವಳು ಕುರ್ಚಿ ಎತ್ತಿಟ್ಟು ಕುಳಿತು ಹೊಸ ಸಾಲೊಂದನ್ನು ಸೇರಿಸಿದಳು: ತಾಯಿಯ ಹೆಸರು. ವಿನೋದಾಳ ಕಾರ್ಡನ್ನು ಮತ್ತೆ ತುಂಬಬೇಕು ಎಂದಾಗ, ಶೆಟ್ಟರು ವಾಡಿಕೆಯಂತೆ ಕೌಂಟರಿಗೆ ಬಂದು ತಮ್ಮ ಹೆಸರು ಹೇಳತೊಡಗಿದರು.

“ನಿಮ್ಮದು ಉಂಟು,” ಎಂದು ಸ್ನೇಹಲತಾ, ಬೆಂಚಿಗೆ ಮರಳಿದ್ದ ಉಮಾವತಿಯತ್ತ ತಿರುಗಿದಳು. “ಅಕ್ಕ, ನೀವು ಬನ್ನಿ. ನೀವೇ ಹೇಳಿ.”

ಉಮಾವತಿ ಅಣ್ಣನ ಮುಖ ನೋಡಿದಳು. ಶೆಟ್ಟರು ಪಕ್ಕಕ್ಕೆ ಸರಿದು ಜಾಗ ಬಿಟ್ಟರು.