ನೀಲಿ ಬಿಡಿಸುವ ಕೈ

ಇನೋಬತ್ ಬರುತ್ತಿದ್ದಾಳೆಂಬುದು ರೇಷ್ಮೆ ನೇಯುವ ಮರ್ಗಿಲಾನ್ ಊರಿನ ಹೆಂಗಸರ ಕಣ್ಣಿಗಿಂತ ಮೊದಲು ಮೂಗಿಗೆ ತಿಳಿಯುತ್ತಿತ್ತು. ಅವಳ ತಲೆಯ ಮೇಲಿನ ಗಂಟಿನಲ್ಲಿ ಲವಂಗವೂ ಗುಲಾಬಿ ನೀರೂ ರೈಲಿನಲ್ಲಿ ಬಂದ ರಷ್ಯದ ಸಾಬೂನೂ ಸೇರಿ ಒಂದು ಬೇರೆಯೇ ವಾಸನೆಯಾಗಿತ್ತು. ಗಂಡಸರು ಮಗ್ಗಕ್ಕೋ ಸಂತೆಗೋ ಹೋದ ಮೇಲೆ ಅವಳು ಒಳ ಅಂಗಳಕ್ಕೆ ಬಂದು, ಹಿಪ್ಪುನೇರಳೆ ಮರದಡಿಯ ಜಗಲಿಯಲ್ಲಿ ಗಂಟು ಬಿಚ್ಚಿದಳೆಂದರೆ ಒಲೆಯ ಮೇಲಿನ ಸಾರು ಉಕ್ಕಿದರೂ ಯಾರೂ ಏಳುತ್ತಿರಲಿಲ್ಲ. ಸುರ್ಮಾ, ಮರದ ಬಾಚಣಿಗೆ, ಸೂಜಿ, ಪಟಿಕದ ತುಂಡು, ತಗಡಿನ ಡಬ್ಬಿಯ ಹಲ್ಲುಪುಡಿ, ಅಂಗೈಯಗಲದ ಕನ್ನಡಿ. ಬೇಸಿಗೆ ಶುರುವಾದರೆ ಒದ್ದೆ ಬಟ್ಟೆಯಲ್ಲಿ ಸುತ್ತಿದ ಉಸ್ಮಾ ಸೊಪ್ಪು.

ಉಸ್ಮಾ ಇಲ್ಲದ ಹುಬ್ಬು ಅಲ್ಲಿ ಹುಬ್ಬೇ ಅಲ್ಲ. ಸೊಪ್ಪನ್ನು ಹೊಸಕಿ ರಸ ಹಿಂಡಿ ಹುಬ್ಬಿಗೆ ಎಳೆದರೆ ಮೊದಲು ಎಳೆ ಹಸಿರು, ಒಂದು ಬಟ್ಟಲು ಚಹಾ ಕುಡಿಯುವಷ್ಟರಲ್ಲಿ ಕಡುಗಪ್ಪು. ಇನೋಬತ್ ಅದನ್ನು ಮಾರುವಾಗ ಒಂದು ಪಾಠ ಒಪ್ಪಿಸುತ್ತಿದ್ದಳು.

“ಹಚ್ಚಿದ ಮೇಲೆ ನಗ್ರಮ್ಮಾ, ಬಯ್ರಿ, ಬೇಕಾದ್ರೆ ಅತ್ತೆ ಜೊತೆ ಜಗಳಾನೂ ಆಡ್ರಿ. ಅಳೋದು ಮಾತ್ರ ಬೇಡ. ಅತ್ರೆ ಕೈ ಕಣ್ಣಿಗೆ ಹೋಗುತ್ತೆ, ಕೈ ಹೋದ್ರೆ ಹುಬ್ಬು ಕೆನ್ನೆಗೆ ಬರುತ್ತೆ!”

ಇಷ್ಟು ಹೇಳುವ ಇನೋಬತ್‌ಳ ಸ್ವಂತ ಹುಬ್ಬು ಮಾತ್ರ ಬೋಳಾಗಿ ನರೆತಿತ್ತು. ಮೈಮೇಲೆ ನೀಲಿ ಅಂಗಿ, ತಲೆಗೆ ನೀಲಿ ವಸ್ತ್ರ. ದೀಪದ ಬುಡದಲ್ಲಿ ಕತ್ತಲೆ ಎನ್ನುತ್ತಾರಲ್ಲ, ಹಾಗೆ. ಗಂಡ ಸತ್ತವಳು ಒಂದು ವರ್ಷ ನೀಲಿ ಉಡಬೇಕು. ವರ್ಷ ತುಂಬಿದ ದಿನ ಕೇರಿಯ ಹೆಂಗಸರು ಬಂದು ಅವಳ ನೀಲಿ ಬಿಡಿಸಿ, ಬಿಳಿ ವಸ್ತ್ರ ಹೊದಿಸಿ, ಹುಬ್ಬಿಗೆ ಉಸ್ಮಾ ಹಚ್ಚಬೇಕು. ತಾನಾಗಿ ಬಿಡುವಂತಿಲ್ಲ. ಬಿಟ್ಟರೆ, ಗಂಡ ಸಾಯಲೆಂದೇ ಕಾದಿದ್ದಳು ಎಂದು ಆಡಿಕೊಳ್ಳಲು ನಾಲಿಗೆಗಳಿಗೇನು ಬರವೇ? ಇನೋಬತ್‌ಳ ನೀಲಿಗೆ ಈಗ ಹನ್ನೊಂದು ವರ್ಷ.

ಅವಳು ಓಶ್ ಕಡೆಯವಳು. ಗಾಡಿ ಹೊಡೆಯುವ ಗಂಡ ಮರ್ಗಿಲಾನಿಗೆ ಕರೆತಂದು ಒಂದು ಕೋಣೆ ಬಾಡಿಗೆಗೆ ಹಿಡಿದ, ಆಮೇಲೆ ಬೆಟ್ಟದ ದಾರಿಯಲ್ಲಿ ಗಾಡಿಯೊಡನೆ ಉರುಳಿಹೋದ. ಆ ಕೋಣೆಯ ಬಾಗಿಲು ಚಮ್ಮಾರರ ಕೇರಿಗೆ, ಹೊಗೆಗಂಡಿ ನೇಕಾರರ ಕೇರಿಗೆ. ವರ್ಷ ತುಂಬಿದ ದಿನ ಇನೋಬತ್ ನೆಲ ಸಾರಿಸಿ, ಬಿಸಿ ರೊಟ್ಟಿ ತಂದಿಟ್ಟು, ಚಹಾಕ್ಕೆ ನೀರು ಕಾಯಿಸಿ ಕೂತಳು. ಚಮ್ಮಾರರು ಅವಳು ನೇಕಾರರ ಕಡೆಯವಳೆಂದುಕೊಂಡರು, ನೇಕಾರರು ಚಮ್ಮಾರರ ಕಡೆಯವಳೆಂದುಕೊಂಡರು. ಒಬ್ಬರೂ ಬರಲಿಲ್ಲ. ನೀರು ಆರಿತು, ರೊಟ್ಟಿ ಒಣಗಿತು. ಮುಂದೆ ಯಾರೋ, “ಇನ್ನೂ ನೀಲಿ ಯಾಕೆ?” ಎಂದು ಕೇಳಿದಾಗ, “ಹರಕೆ ಹೊತ್ತಿದೀನಿ” ಎಂದುಬಿಟ್ಟಳು. ನನಗೆ ಯಾರೂ ಇಲ್ಲ ಎನ್ನುವುದಕ್ಕಿಂತ ಅದು ಸುಲಭವಾಗಿತ್ತು. ಹರಕೆ ಎಂದ ಮೇಲೆ ಮತ್ತೆ ಕೇಳುವವರಿಲ್ಲ.

ಆದರೂ ಆಸೆ ಎಂಬುದು ಕೆಟ್ಟದ್ದು. ಆ ಮೊದಲ ವರ್ಷವೇ ಅವಳು ತನಗೆಂದು ಒಂದು ತೆಳು ಬಿಳಿ ಮಸ್ಲಿನ್ ವಸ್ತ್ರ ತೆಗೆದಿಟ್ಟಿದ್ದಳು, ಅಂಚಿಗೆ ಬಿಳಿ ರೇಷ್ಮೆಯದೇ ಸಣ್ಣ ಬಳ್ಳಿ. ಅದು ಇಂದಿಗೂ ಗಂಟಿನ ತಳದಲ್ಲಿತ್ತು. ಯಾರಾದರೂ ಕೈಹಾಕಿದರೆ “ಕಲೆಯಾಗಿದೆ” ಎಂದು ಮುಚ್ಚುತ್ತಿದ್ದಳು.

ಆ ಬುಧವಾರ ನೇಕಾರರ ಕೇರಿಯ ಬಹ್ರಿ ಅವಳನ್ನು ಬಾಗಿಲಲ್ಲೇ ಹಿಡಿದಳು. ಬಹ್ರಿಯ ಮಗ ಅಸ್ರಾರ್ ಹೋದ ವರ್ಷ ಜ್ವರದಲ್ಲಿ ತೀರಿಕೊಂಡಿದ್ದ. ಸೊಸೆ ಮುಸಲ್ಲಂಗೆ ಇಪ್ಪತ್ತೆರಡು.

“ನಾಳೆ ವರ್ಷ ತುಂಬುತ್ತೆ ಇನೋಬತ್. ಇಡೀ ಕೇರಿಗೆ ಹೇಳಿದೀನಿ. ಇವಳು ನೋಡಿದ್ರೆ ನೀಲಿ ಬಿಡಲ್ಲ ಅಂತ ಕೂತಿದಾಳೆ. ಮಗ ಅಂತೂ ಹೋದ, ಇವಳೂ ಹೀಗೆ ಒಣಗಿದ್ರೆ ನಾನು ಯಾರ ಮುಖ ನೋಡ್ಲಿ? ಊರಿಗೆಲ್ಲ ಮಾತು ಮಾರ್ತೀಯಲ್ಲ, ಒಂದೆರಡು ನಮ್ಮನೇಲೂ ಮಾರು.”

“ನನ್ನ ಮಾತಿಗೆ ಕೊಳ್ಳೋರು ಕಡಿಮೆ ಅಕ್ಕ, ಸೂಜಿಗೇ ಜಾಸ್ತಿ,” ಎಂದು ಇನೋಬತ್ ಒಳಗೆ ಹೋದಳು.

ಮುಸಲ್ಲಂ ಜಗಲಿಯ ಮೂಲೆಯಲ್ಲಿ ಕೂತು ಏಪ್ರಿಕಾಟ್ ಬೀಜ ಒಡೆಯುತ್ತಿದ್ದಳು. ಇನೋಬತ್ ಮಾತಾಡದೆ ಗಂಟು ಬಿಚ್ಚಿ, ಸಾಬೂನು ಇಟ್ಟಳು, ಸುರ್ಮಾ ಇಟ್ಟಳು, ಉಸ್ಮಾ ಕಟ್ಟು ಇಟ್ಟಳು.

“ಸುಮ್ನೆ ಯಾಕೆ ಹರಡ್ತೀರಾ ಚಿಕ್ಕಮ್ಮ? ನಂಗೆ ಬೇಡ,” ಎಂದಳು ಮುಸಲ್ಲಂ. “ಇದನ್ನ ಬಿಟ್ರೆ ಅವರು ಪೂರ್ತಿ ಹೋದಂಗೆ.”

“ನೀಲಿ ಉಟ್ರೆ ಗಂಡ ಉಳೀತಾನೆ ಅನ್ನೋದಾದ್ರೆ, ನನ್ನವರು ಇಷ್ಟೊತ್ತಿಗೆ ಬಾಗಿಲಲ್ಲಿ ನಿಂತು ಚಹಾ ಕೇಳ್ಬೇಕಿತ್ತು.”

“ಮತ್ತೆ ನೀವು? ಹರಕೆ ಅಂತ ಹನ್ನೊಂದು ವರ್ಷ ಉಟ್ಟಿಲ್ವಾ? ನಂದೂ ಹರಕೆ. ನಾಳೆ ಅವರು ಬಂದಾಗ ನಿಮ್ಮ ಹೆಸರನ್ನೇ ಹೇಳ್ತೀನಿ.”

ಇನೋಬತ್ ತಲೆಯೆತ್ತಿ ಹುಡುಗಿಯನ್ನು ನೋಡಿದಳು. ತಾನು ಮಾನ ಉಳಿಸಿಕೊಳ್ಳಲು ಹೇಳಿದ ಸುಳ್ಳು ಈ ಎಳೆಯ ತಲೆಯ ಮೇಲೆ ಕೂರುವುದೇ? ಬಾಚಣಿಗೆಯನ್ನು ಅತ್ತ ಇತ್ತ ಸರಿಸಿದಳು. ಬಹ್ರಿ ಒಲೆಯ ಹತ್ತಿರ ಇದ್ದಾಳೆ, ಕೇಳಿಸದು ಎಂದು ನೋಡಿಕೊಂಡು, ಮೆಲ್ಲಗೆ ಹೇಳಿದಳು.

“ಹರಕೆ ಇಲ್ಲ ಮಗಳೇ. ನಂಗೆ ಯಾರೂ ಬರ್ಲಿಲ್ಲ.”

ಮುಸಲ್ಲಂಳ ಕೈಯ ಕಲ್ಲು ನಿಂತಿತು.

“ರೊಟ್ಟಿ ತಂದಿಟ್ಟು ಸಂಜೆತನಕ ಕೂತಿದ್ದೆ. ಹಾದಿಯಲ್ಲಿ ಹೆಜ್ಜೆ ಸಪ್ಪಳ ಕೇಳಿದಾಗೆಲ್ಲ ಎದ್ದು ನಿಲ್ತಿದ್ದೆ. ನಿನಗೆ ನಾಳೆ ಇಡೀ ಕೇರಿ ಬರುತ್ತೆ. ಬರೋ ಕೈನ ತಳ್ಳಬೇಡ ಕಣೇ. ಅಸ್ರಾರ್‌ನ ನೆನಪು ಬಟ್ಟೇಲಿ ಇರಲ್ಲ, ನೀನು ಬಿಳಿ ಉಟ್ರೂ ನಿನ್ನ ಜೊತೇಲೇ ಇರುತ್ತೆ. ಯಾರೂ ಬರದೇ ಇರೋದು ಹ್ಯಾಗಿರುತ್ತೆ ಅಂತ ನನ್ನ ಕೇಳು.” ಅವಳು ಮೂಗು ಒರೆಸಿಕೊಂಡು ನಕ್ಕಳು. “ಹೊರಗೆ ಹೇಳಿಬಿಡಬೇಡ ಮತ್ತೆ. ಹರಕೆಯವಳು ಅಂತ ನಾಲ್ಕು ಜನ ಗೌರವ ಕೊಡ್ತಾರೆ.”

ಮುಸಲ್ಲಂ ಕಲ್ಲನ್ನು ಕೆಳಗಿಟ್ಟಳು. ಆಮೇಲೆ ಮುಂದೆ ಸರಿದು ಗಂಟಿನಲ್ಲಿ ಮಾರಲು ತಂದಿದ್ದ ಬಿಳಿ ವಸ್ತ್ರಗಳನ್ನು ಒಂದೊಂದಾಗಿ ತಿರುವಿ, ಸಾದಾ ಒಂದನ್ನು ಎತ್ತಿಕೊಂಡಳು.

“ಅಡಿಯಲ್ಲಿ ಇರೋದು?”

“ಅದು ಕಲೆಯಾಗಿದೆ.”

“ಎಲ್ಲಿ ತೋರಿಸಿ.” ಎಳೆದು ಬಿಚ್ಚಿದಳು. ಮಡಿಕೆಯ ಗೆರೆಗಳು ಬಿಟ್ಟರೆ ಕಲೆ ಎಲ್ಲಿಯದು? “ಇದೂ ಬೇಕು. ಎರಡೂ ಕೊಡಿ. ಉಸ್ಮಾನೂ ಎರಡು ಕಟ್ಟು.”

ಇನೋಬತ್‌ಳ ಕೈ ಆ ಅಂಚಿನ ಮೇಲೆ ಒಂದು ಗಳಿಗೆ ನಿಂತಿತು. ಆದರೆ ಹುಡುಗಿ ಬಿಳಿ ಕೇಳುತ್ತಿದ್ದಾಳೆ, ಇಂಥ ಹೊತ್ತಿನಲ್ಲಿ ಇಲ್ಲವೆನ್ನುವುದೇ? ತನಗಂತೂ ಇನ್ನು ಯಾರು ಬರಬೇಕು? ಮಡಚಿ ಕೊಟ್ಟಳು. ಮನೆಗೆ ಹೋಗುವಾಗ ಗಂಟು ಹಗುರವಾಗಿತ್ತು, ಕಾಲು ಮಾತ್ರ ಭಾರ.

ಮರುದಿನ ಅಂಗಳ ತುಂಬಿತ್ತು. ಹೆಂಗಸರಿಗೆ ಓದು ಕಲಿಸುವ ಮುದುಕಿ ಓತಿನಮ್ಮ ದಿಂಬಿಗೊರಗಿ ಪ್ರಾರ್ಥನೆ ಓದಿದಳು. ಮುಸಲ್ಲಂ ತಾನೇ ಎದ್ದು ಬಂದು ಕೂತು ತಲೆ ಬಾಗಿಸಿದಳು. ನೀಲಿ ಹೋಯಿತು, ಸಾದಾ ಬಿಳಿ ಬಂತು. ಬಹ್ರಿ ಸೊಸೆಯ ಹುಬ್ಬಿಗೆ ಮೊದಲ ಗೆರೆ ಎಳೆಯುವಾಗ ಹುಬ್ಬು ವಕ್ರವಾಯಿತು. “ಮಗ್ಗದ ಕೈ, ಹುಬ್ಬಿಗೂ ಲಾಳಿ ಓಡಿಸ್ತಾಳೆ!” ಎಂದು ಯಾರೋ ಅಂದರು. ಎಲ್ಲರೂ ಅಳುತ್ತ ನಕ್ಕರು. ಇನೋಬತ್ ಬಾಗಿಲ ಬಳಿ ಬಿಟ್ಟ ಚಪ್ಪಲಿಗಳ ಪಕ್ಕದಲ್ಲಿ ತನ್ನ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಸೊಪ್ಪು ಚೆನ್ನಾಗಿ ಬಣ್ಣ ಬಿಡ್ತಲ್ಲ ಎಂದು ವ್ಯಾಪಾರಿಯ ಮನಸ್ಸು ಸಮಾಧಾನಪಟ್ಟಿತು. ಮಿಕ್ಕ ಮನಸ್ಸು ಎದ್ದು ಹೋಗೋಣ ಎನ್ನುತ್ತಿತ್ತು.

ಆಗ ಮುಸಲ್ಲಂ ಎದ್ದಳು. ಚಹಾದ ಬಟ್ಟಲೊಂದನ್ನು ಬೋರಲು ಹಾಕಿ ತಂದಿದ್ದಳು. ಅದರ ತಳದ ಕುಳಿಯಲ್ಲಿ ಹಸಿರು ರಸ. ತೋಳಿನ ಮೇಲೆ ಬಳ್ಳಿಯಂಚಿನ ಮಸ್ಲಿನ್. ನೇರವಾಗಿ ಚಪ್ಪಲಿಗಳ ಹತ್ತಿರ ಬಂದು ಮಂಡಿಯೂರಿದಳು.

“ಓತಿನಮ್ಮ,” ಎಂದಳು, ಎಲ್ಲರಿಗೂ ಕೇಳುವಂತೆ. “ಇನೋಬತ್ ಚಿಕ್ಕಮ್ಮನ ಹರಕೆ ಇವತ್ತಿಗೆ ತೀರಿತಂತೆ. ಬಿಡಿಸೋಕೆ ನಮ್ಮ ಕೈ ಆಗಬಹುದಾ?”

ಇನೋಬತ್ ಬಾಯಿ ತೆರೆದಳು. ಹುಡುಗಿ ಅವಳ ಸುಳ್ಳನ್ನು ಒಡೆಯಲಿಲ್ಲ, ಅದಕ್ಕೊಂದು ಮರ್ಯಾದೆಯ ಕೊನೆ ಕಟ್ಟಿಕೊಟ್ಟಿದ್ದಳು.

ಓತಿನಮ್ಮ ಇನೋಬತ್‌ಳ ಮುಖವನ್ನೊಮ್ಮೆ ದಿಟ್ಟಿಸಿದಳು. ಮುದುಕಿಗೆ ಎಲ್ಲವೂ ತಿಳಿಯಿತೋ ಏನೋ.

“ಹರಕೆ ತೀರಿದವಳನ್ನ ಕಾಯಿಸಬಾರದು,” ಎಂದಳು. “ಇಷ್ಟು ದಿನ ಕಾದಿದ್ದೇ ಸಾಕು. ಬಾಗಿಲ ಹತ್ರ ಯಾಕೆ ಕೂತಿದೀಯ, ಮೇಲೆ ಬಾ.”

ನೀಲಿ ವಸ್ತ್ರದ ಗಂಟು ಬಿಗಿದು ಹೋಗಿತ್ತು. ಬಿಚ್ಚಲು ಮೂವರು ಬೇಕಾಯಿತು. ಮಸ್ಲಿನ್ ತಲೆಯ ಮೇಲೆ ಬಂದಾಗ ಇನೋಬತ್‌ಳಿಗೆ ಅದರ ಭಾರವೇ ತಿಳಿಯಲಿಲ್ಲ. ಮುಸಲ್ಲಂ ಅವಳ ಗಲ್ಲ ಹಿಡಿದೆತ್ತಿ, ಹತ್ತಿ ಸುತ್ತಿದ ಕಡ್ಡಿಯಿಂದ ಒಂದು ಹುಬ್ಬು ಎಳೆದಳು, ಇನ್ನೊಂದು ಎಳೆದಳು, ಅಲ್ಲಿಯ ರೂಢಿಯಂತೆ ಎರಡನ್ನೂ ನಡುವೆ ಸೇರಿಸಿದಳು. ಹನ್ನೊಂದು ವರ್ಷ ತಡೆದದ್ದು ಆಗ ಉಕ್ಕಿತು. ಕೈ ತಾನಾಗಿಯೇ ಕಣ್ಣಿನ ಕಡೆ ಹೊರಟಿತು.

“ಹಿಡೀರೇ, ಹಿಡೀರೇ! ಕೈ ಹೋದ್ರೆ ಹುಬ್ಬು ಕೆನ್ನೆಗೆ ಬರುತ್ತೆ!” ಅಂಗಳವೆಲ್ಲ ಅವಳ ಪಾಠವನ್ನೇ ಅವಳಿಗೆ ಒಪ್ಪಿಸಿತು. ಬಹ್ರಿ ಬಲಗೈ ಹಿಡಿದಳು, ಮುಸಲ್ಲಂ ಎಡಗೈ.

“ಈಗ ಅಳು,” ಎಂದಳು ಬಹ್ರಿ. “ಎಷ್ಟು ಬೇಕಾದ್ರೂ ಅಳು, ನಾವು ಹಿಡ್ಕೊಂಡಿದೀವಿ.”

ಇನೋಬತ್ ಮುಖವನ್ನು ಮೇಲೆತ್ತಿಕೊಂಡು ಅತ್ತಳು. ಹುಬ್ಬಿನ ಹಸಿರು ಕಪ್ಪಾಗುವವರೆಗೂ ಆ ಇಬ್ಬರು ಕೈ ಬಿಡಲಿಲ್ಲ. ಆಮೇಲೆ ಯಾರೋ ಕನ್ನಡಿ ಎಂದರು. ಕನ್ನಡಿ ಇದ್ದದ್ದು ಅವಳದೇ ಗಂಟಿನಲ್ಲಿ. ಊರಿಗೆಲ್ಲ ಹಿಡಿದು ತೋರಿಸಿದ್ದ ಆ ಕನ್ನಡಿಯಲ್ಲಿ ಇನೋಬತ್ ತನ್ನನ್ನು ನೋಡಿಕೊಂಡಳು.

“ಅಯ್ಯೋ, ನಂಗಿಷ್ಟು ವಯಸ್ಸಾಯ್ತಾ?”

“ಹುಬ್ಬಿಗೆ ಆಗಿಲ್ಲ ಚಿಕ್ಕಮ್ಮ,” ಎಂದಳು ಮುಸಲ್ಲಂ.